ಕಲಹರಿಗೆ ಯಾವಾಗ ಹೋಗಬೇಕು?

ಪ್ರಶ್ನೆ: ಬೋಟ್ಸ್ವಾನಾದ ಕಲಹರಿ ಮರುಭೂಮಿಯ ಸಫಾರಿ ಲಾಡ್ಜ್‌ನಲ್ಲಿ ತಂಗುವ ಆಸೆಯಿದೆ. ಯಾವ ತಿಂಗಳು ಒಳ್ಳೆಯದು? ಅಲ್ಲಿನ ಮೂಲನಿವಾಸಿಗಳಾದ ಬುಷ್‌ಮೆನ್ ಜನರೊಂದಿಗಿನ ನಡಿಗೆ ಬರೀ ಪ್ರದರ್ಶನವೇ?

ಉತ್ತರ: ಪ್ರಾಣಿಗಳಿಗಾಗಿಯಾದರೆ ಜನವರಿಯಿಂದ ಏಪ್ರಿಲ್. ಮಳೆಗೆ ಮಧ್ಯ ಕಲಹರಿಯ ಡಿಸೆಪ್ಶನ್ ಕಣಿವೆಯಲ್ಲಿ ಹುಲ್ಲು ಚಿಗುರಿ ಓರಿಕ್ಸ್ ಎಂಬ ಉದ್ದ ಕೊಂಬಿನ ಜಿಂಕೆಯಂಥ ಪ್ರಾಣಿಗಳ ಹಿಂಡುಗಳು ಬರುತ್ತವೆ, ಅವುಗಳ ಬೆನ್ನಿಗೇ ಕಪ್ಪು ಕೇಸರದ ಸಿಂಹಗಳು. ಜೂನ್, ಜುಲೈಯಲ್ಲಿ ರಾತ್ರಿ ಕೊರೆಯುವ ಚಳಿ.

ನಡಿಗೆಯನ್ನು ಮಾತ್ರ ಬಿಡಬೇಡಿ. ನಮ್ಮನ್ನು ಕರೆದೊಯ್ದ ಅಜ್ಜಿ ಒಣಗಿದ ಬಳ್ಳಿಯೊಂದನ್ನು ಗುರುತಿಸಿ, ಕೋಲಿನಿಂದ ಮರಳು ಅಗೆದು ಗೆಡ್ಡೆ ತೆಗೆದರು. ಅದನ್ನು ಹೆರೆದು ಮುಷ್ಟಿಯಲ್ಲಿ ಹಿಂಡಿದಾಗ ನೀರು ಹೆಬ್ಬೆರಳಿನ ತುದಿಯಿಂದ ನೇರ ಬಾಯಿಗೆ ಇಳಿಯಿತು. ಚರ್ಮದ ಉಡುಗೆ ಅತಿಥಿಗಳಿಗಾಗಿ ತೊಟ್ಟದ್ದಿರಬಹುದು. ಆ ಜ್ಞಾನ ಅಪ್ಪಟ. ಮಧ್ಯ ಕಲಹರಿಯಿಂದ ಹೊರಹಾಕಲಾದ ಬುಷ್‌ಮೆನ್ ಜನ, ತಮ್ಮ ನೆಲಕ್ಕೆ ಮರಳುವ ಹಕ್ಕಿನ ಮೊಕದ್ದಮೆಯನ್ನು 2006ರಲ್ಲಿ ಬೋಟ್ಸ್ವಾನಾದ ಹೈಕೋರ್ಟಿನಲ್ಲಿ ಗೆದ್ದವರು. ಫೋಟೋ ತೆಗೆಯುವ ಮುನ್ನ ಅವರ ಒಪ್ಪಿಗೆ ಪಡೆಯಿರಿ. ಶುಲ್ಕದಲ್ಲಿ ಅವರ ಪಾಲೆಷ್ಟು ಎಂದು ಕೊಠಡಿ ಕಾಯ್ದಿರಿಸುವಾಗಲೇ ಲಾಡ್ಜ್‌ನವರನ್ನು ಕೇಳಿ.