ಕತ್ತಿನ ಕಪ್ಪು ಕೊಳೆಯಲ್ಲ

ಪ್ರಶ್ನೆ: ನನ್ನ ಮಗನಿಗೆ 9 ವರ್ಷ, ಎತ್ತರ 134 ಸೆಂ.ಮೀ., ತೂಕ 42 ಕೆ.ಜಿ. ಹುಟ್ಟಿದಾಗ ಎರಡೂವರೆ ಕೆ.ಜಿ. ಇದ್ದನೆಂದು ಮೊದಲಿನಿಂದಲೂ ಹಾಲು, ತುಪ್ಪ ಧಾರಾಳವಾಗಿ ಕೊಟ್ಟೆವು. ‘ಮೈಕೈ ತುಂಬಿಕೊಂಡಿದ್ದಾನೆ, ಎತ್ತರವಾದಾಗ ಇಳಿಯುತ್ತದೆ’ ಎನ್ನುತ್ತಾರೆ ಅತ್ತೆ. ಅವನಿಗೆ ಥೈರಾಯ್ಡ್ ತೊಂದರೆ ಇರಬಹುದೆಂದು ನನ್ನ ಅನುಮಾನ. ಕತ್ತಿನ ಹಿಂಭಾಗ ಕಪ್ಪಾಗಿದೆ, ಕಡಲೆಹಿಟ್ಟು ಹಚ್ಚಿ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಶಾಲೆಯಿಂದ ಬಂದು ಪುಡಿ ಬೆರೆಸಿದ ಹಾಲು, ಬಿಸ್ಕತ್ತು ಮುಗಿಸಿ ಟ್ಯೂಷನ್‌ಗೆ ಹೋಗುತ್ತಾನೆ. ರಾತ್ರಿ ಮೊಬೈಲ್ ಇಲ್ಲದೆ ಊಟ ಮಾಡುವುದಿಲ್ಲ. ಮಲಗುವಾಗ ಹನ್ನೊಂದು. ಏನು ಮಾಡಲಿ?
– ಒಬ್ಬ ತಾಯಿ, ತುಮಕೂರು

ಉತ್ತರ: ಮೊದಲು ಆ ಉಜ್ಜುವುದನ್ನು ನಿಲ್ಲಿಸಿ. ಸ್ಥೂಲಕಾಯದ ಮಕ್ಕಳ ಕತ್ತು, ಕಂಕುಳಿನಲ್ಲಿ ಚರ್ಮ ಮಖಮಲ್ಲಿನಂತೆ ದಪ್ಪವಾಗಿ ಕಪ್ಪಾಗುವುದು ಸಾಮಾನ್ಯವಾಗಿ ಕೊಳೆಯಿಂದಲ್ಲ, ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದೆ ರಕ್ತದಲ್ಲಿ ಅದರ ಪ್ರಮಾಣ ಏರಿರುವುದರಿಂದ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದೇ.

ಥೈರಾಯ್ಡ್ ಕೊರತೆಯಲ್ಲಿ ಎತ್ತರದ ಬೆಳವಣಿಗೆ ಕುಂಠಿತವಾಗುತ್ತದೆ; ನಿಮ್ಮ ಮಗನ ಎತ್ತರ ವಯಸ್ಸಿಗೆ ತಕ್ಕಂತೆಯೇ ಇರುವುದರಿಂದ ಆ ಸಾಧ್ಯತೆ ಕಡಿಮೆ. ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಬಾರಿ ಭಾಗಿಸಿದರೆ 23.4 ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕದಲ್ಲಿ 9 ವರ್ಷದ ಹುಡುಗರಿಗೆ ಸುಮಾರು 20.5 ದಾಟಿದರೆ ಸ್ಥೂಲಕಾಯ. ಆದ್ದರಿಂದ ಎತ್ತರವಾಗುವವರೆಗೆ ಕಾಯುವುದು ಸರಿಯಲ್ಲ.

ಎರಡೂವರೆ ಕೆ.ಜಿ.ಯ ಕೂಸಿಗೆ ಹೆಚ್ಚು ಉಣಿಸಿದ್ದು ಪ್ರೀತಿಯಿಂದಲೇ. ಆದರೆ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಜನಿಸಿದ ಶಿಶುಗಳನ್ನು ಅಳೆದಾಗ, ಬ್ರಿಟಿಷ್ ಶಿಶುಗಳಿಗಿಂತ ತೂಕದಲ್ಲಿ ಚಿಕ್ಕವಾಗಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಅವು ಹಿಂದೆ ಬಿದ್ದಿರಲಿಲ್ಲ. ನಮ್ಮಲ್ಲಿ ಸಣ್ಣ ಮಗುವೆಂದರೆ ಕೊಬ್ಬಿಲ್ಲದ ಮಗುವೆಂದಲ್ಲ. ಅಂಥ ಮಗು ಮುಂದೆ ಬಾಲ್ಯದಲ್ಲಿ ವೇಗವಾಗಿ ತೂಕ ಏರಿಸಿಕೊಂಡರೆ ಮಧುಮೇಹದ ಅಪಾಯ ಹೆಚ್ಚು.

ವಂಶದ ಪಾಲು ಇದೆ, ನಿಜ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಅತಿತೂಕದ ಮಕ್ಕಳ ಪ್ರಮಾಣ 2015–16ರಲ್ಲಿ ಶೇ. 2.1 ಇದ್ದದ್ದು 2019–21ರ ವೇಳೆಗೆ ಶೇ. 3.4ಕ್ಕೆ ಏರಿತು, ಅಷ್ಟರಲ್ಲಿ ವಂಶವಾಹಿ ಬದಲಾಗಿರಲಾರದು, ಬದಲಾದದ್ದು ನೀವು ಬರೆದಿರುವಂಥ ಸಂಜೆಗಳು. ಹಾಲಿಗೆ ಬೆರೆಸುವ ಪುಡಿಯ ಡಬ್ಬಿಯನ್ನು ತಿರುಗಿಸಿ ಸಕ್ಕರೆಯ ಅಂಶ ಓದಿ. ಇಂಥವನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯಲು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲೇ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತ್ತು. ಮೊಬೈಲ್ ನೋಡುತ್ತ ಉಣ್ಣುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ, ನಿದ್ದೆಗೆಟ್ಟ ಮಗುವಿಗೆ ಮರುದಿನ ಹಸಿವು ಹೆಚ್ಚು.

ಹುಡುಗನೊಬ್ಬನಿಗೇ ಪಥ್ಯ ಹಾಕಿ ಉಳಿದವರು ಅವನೆದುರು ಪಫ್ಸ್ ತಿಂದರೆ ಫಲವಿಲ್ಲ. ಹಾಲು ಸಪ್ಪೆಯಾಗಿರಲಿ, ಬಿಸ್ಕತ್ತಿನ ಬದಲು ಬೇಯಿಸಿದ ಕಡಲೆಕಾಯಿ ಅಥವಾ ಕೋಸಂಬರಿ ಬರಲಿ, ಊಟದ ಹೊತ್ತಿಗೆ ಎಲ್ಲರ ಮೊಬೈಲೂ ಬೇರೆ ಕೋಣೆಯಲ್ಲಿರಲಿ. ದಿನಕ್ಕೆ 60 ನಿಮಿಷ ಬೆವರುವಷ್ಟು ಆಟ ಬೇಕು. ಅದಕ್ಕಾಗಿ ಟ್ಯೂಷನ್ ಬಿಡಿಸಬೇಕಾದರೆ ಬಿಡಿಸಿ, ಮೂರನೆಯ ನಾಲ್ಕನೆಯ ತರಗತಿಗೆ ಅದೇಕೆ ಬೇಕೋ ನನಗಂತೂ ಅರ್ಥವಾಗಿಲ್ಲ.

ಈ ತಿಂಗಳಲ್ಲೇ ಮಕ್ಕಳ ವೈದ್ಯರಿಗೆ ತೋರಿಸಿ, ರಕ್ತದೊತ್ತಡ, ರಕ್ತದ ಸಕ್ಕರೆ, ಕೊಬ್ಬು ಮತ್ತು ಯಕೃತ್ತಿನ ಪರೀಕ್ಷೆ ಮಾಡಿಸಿ. ತೂಕ ಇಳಿಸಬೇಕೋ, ಏರದಂತೆ ತಡೆದರೆ ಸಾಕೋ ಎಂಬುದನ್ನು ಅವರು ನಿರ್ಧರಿಸಲಿ. ಹೋಗುವಾಗ ಅತ್ತೆಯವರನ್ನೂ ಕರೆದೊಯ್ಯಿರಿ; ತುಪ್ಪದ ಚಮಚ ಅವರ ಕೈಯಲ್ಲಿದೆ.