ಜೀರಿಗೆ-ಬೆಲ್ಲಕ್ಕೆ ಏಳದ ಕೈ

ನಾನು ಆಪ್ತಸಲಹೆಗಾರ್ತಿ. ಮದುವೆ ಬ್ಲೌಸ್ ಹಾಳಾಯಿತು ಅಂತ ಅಳುತ್ತಾ ನನ್ನ ಹತ್ತಿರ ಬಂದವರಲ್ಲಿ ಈ ಹುಡುಗಿ ಮೊದಲಿನವಳಲ್ಲ. ಮುಹೂರ್ತಗಳು ಶುರುವಾದರೆ ಒಬ್ಬರಾದರೂ ಬರುತ್ತಾರೆ. ಅಳತೆ ಸರಿ ಮಾಡಿಕೊಡಿ ಅಂತ ಕೊಟ್ಟದ್ದು ಮೊದಲಿಗಿಂತ ಕೆಟ್ಟು ವಾಪಸ್ ಬಂದಿರುತ್ತದೆ. ಮನೆಯಲ್ಲಿ ಎಲ್ಲರೂ ಒಂದೇ ಮಾತು ಹೇಳಿರುತ್ತಾರೆ: "ಬಟ್ಟೆ ತಾನೇ, ಬಿಡು." ಹೇಳಿದವರು ಒಳ್ಳೆಯವರೇ. ಅಮ್ಮ, ಅಕ್ಕ, ಮದುವೆಯಾಗುವ ಹುಡುಗ. ಆದರೆ ಈ ಮಾತಿನಿಂದ ಯಾರ ಅಳುವೂ ನಿಂತದ್ದನ್ನು ನಾನು ನೋಡಿಲ್ಲ.

ಈ ಪ್ರಕರಣದಲ್ಲಿ ನಾನೂ ಒಂದು ತಪ್ಪು ಮಾಡಿದೆ. ಬರೆಯುವುದಕ್ಕೆ ಅದೂ ಒಂದು ಕಾರಣ. ಆಕೆಯ ಒಪ್ಪಿಗೆ ಇದೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಹುಡುಗಿಗೆ 27 ವರ್ಷ. ಮನೆ ವಿಜಯನಗರದ ಕಡೆ, ಕೆಲಸ ಔಟರ್ ರಿಂಗ್ ರೋಡಿನಲ್ಲಿ. ಇಬ್ಬರೂ ಇಷ್ಟಪಟ್ಟು, ಮನೆಯವರೂ ಒಪ್ಪಿದ ಮದುವೆ. ಮುಹೂರ್ತ ಶ್ರಾವಣದ ಕೊನೆಯಲ್ಲಿ. ಆಷಾಢದಲ್ಲಿ ಧಾರೆ ಸೀರೆ ಕೊಳ್ಳಬಾರದು ಅಂತ ಅಜ್ಜಿ ಹೇಳಿದ್ದರಿಂದ ಅದು ಮುಗಿದ ಮೇಲೆ ಚಿಕ್ಕಪೇಟೆಗೆ ಹೋದರು. ಗಿಣಿ ಹಸಿರು ಸೀರೆ, ಕುಂಕುಮ ಬಣ್ಣದ ಅಂಚು. ಸೀರೆಯಲ್ಲೇ ಬಂದ ಕುಂಕುಮ ಬಣ್ಣದ ಬ್ಲೌಸ್ ಪೀಸಿಗೆ ಮಗ್ಗಂ ವರ್ಕ್ ಕಸೂತಿ. ಎರಡು ತೋಳಿಗೆ ಎರಡು ನವಿಲು. ಆ ಹೊತ್ತಿಗೆ ವರಮಹಾಲಕ್ಷ್ಮಿ ಹಬ್ಬ. ಊರಿನ ಎಲ್ಲ ಟೈಲರ್‌ಗಳ ಹತ್ತಿರವೂ ಕ್ಯೂ. ಬ್ಲೌಸ್ ಕೈಗೆ ಬಂದಾಗ ಕಂಕುಳಲ್ಲಿ ಬಿಗಿ ಇತ್ತು. ವಾಪಸ್ ಕೊಟ್ಟರು. ಎರಡನೇ ಸಲ ತಂದು, ಆಕೆ ನನ್ನ ಹತ್ತಿರ ಬಂದಾಗ ಮದುವೆಗೆ 11 ದಿನ ಉಳಿದಿತ್ತು.

ಮೊದಲ ಭೇಟಿಯಲ್ಲಿ ಆಕೆ ಹೆಚ್ಚು ಹೊತ್ತು ಅತ್ತಳು. ನಿದ್ದೆ ಇಲ್ಲ, ಆಫೀಸಿನಲ್ಲಿ ಗಮನ ಇಲ್ಲ. ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಮದುವೆ ಬಗ್ಗೆ ಏನಾದರೂ ಅಳುಕು ಇದೆಯಾ, ಹುಡುಗನ ಮನೆಯವರ ಜೊತೆ ಏನಾದರೂ ಆಯಿತಾ, ಅಮ್ಮನನ್ನು ಬಿಟ್ಟು ಹೋಗುವ ದುಃಖವಾ. ಎಲ್ಲಕ್ಕೂ ಇಲ್ಲ ಅಂದಳು. ನನಗೆ ಒಪ್ಪಿಗೆಯಾಗಲಿಲ್ಲ. ಇಷ್ಟು ಅಳುವಿನ ಹಿಂದೆ ಇನ್ನೇನೋ ಇರಲೇಬೇಕು ಅಂತ ಅಂದುಕೊಂಡೆ. ಇದು ನಮ್ಮ ಕೆಲಸದವರಿಗೆ ಬರುವ ಒಂದು ರೋಗ.

ಎರಡು ದಿನ ಬಿಟ್ಟು ಮತ್ತೆ ಬಂದಳು. ಜೊತೆಗೆ ಅಮ್ಮ. ಕೈಯಲ್ಲಿ ಬಟ್ಟೆಯ ಚೀಲ, ಅದರೊಳಗೆ ಬ್ಲೌಸ್. ಅಮ್ಮ ಕೂರುವ ಮೊದಲೇ ಶುರು ಮಾಡಿದರು.

"ನೋಡಿ ಮೇಡಂ, ಒಂದು ಹೊತ್ತು ಹಾಕ್ಕೊಳ್ಳೋ ಬ್ಲೌಸು. ಸೆರಗು ಹೊದ್ದರೆ ಏನೂ ಕಾಣಲ್ಲ. ಇದಕ್ಕೆ ಇಷ್ಟು ಅತ್ತರೆ ನೋಡಿದವರು ಏನಂತಾರೆ? ನಾಲ್ಕು ದಿನದಿಂದ ರಾತ್ರಿ ಊಟ ಬಿಟ್ಟಿದಾಳೆ."

ಊಟ ಯಾಕೆ ಬಿಟ್ಟೆ ಅಂತ ಕೇಳಿದೆ. ಸ್ವಲ್ಪ ಸಣ್ಣ ಆದರೆ ಬ್ಲೌಸ್ ಸರಿ ಹೋಗಬಹುದು ಅಂದಳು.

ನಾನು ಮತ್ತೆ ಅದೇ ದಾರಿ ಹಿಡಿದೆ. "ಮದುವೆ ಹತ್ತಿರ ಬಂದಾಗ ಒಳಗಿರೋ ಭಯ ಎಷ್ಟೋ ಸಲ ಬಟ್ಟೆ, ಒಡವೆ ಮೇಲೆ ಹೋಗಿ ಕೂತ್ಕೊಳ್ಳುತ್ತೆ. ಹಾಗೇನಾದ್ರೂ..."

ಆಕೆ ನನ್ನ ಮಾತು ಮುಗಿಯಲು ಬಿಡಲಿಲ್ಲ. "ಮೇಡಂ, ನನಗೆ ಮದುವೆ ಇಷ್ಟ ಇದೆ. ಬ್ಲೌಸ್ ಇಷ್ಟ ಇಲ್ಲ. ಎರಡನ್ನೂ ಯಾಕೆ ಎಲ್ಲರೂ ಒಂದು ಮಾಡ್ತೀರ? ಕೈ ಏಳಲ್ಲ ಮೇಡಂ. ಜೀರಿಗೆ-ಬೆಲ್ಲ ಹಾಕಕ್ಕೆ ಕೈ ಏಳಲ್ಲ."

ನಾನು ಸುಮ್ಮನಾದೆ. ಅಂತರಪಟ ಸರಿದ ತಕ್ಷಣ ಹುಡುಗ ಹುಡುಗಿ ಒಬ್ಬರ ತಲೆ ಮೇಲೆ ಒಬ್ಬರು ಜೀರಿಗೆ-ಬೆಲ್ಲ ಹಾಕಬೇಕಲ್ಲ. ಆಮೇಲೆ ಹಾರ ಬೇರೆ. ಹುಡುಗ ಆರಡಿ ಎತ್ತರ. ಮನೆಯಲ್ಲಿ ಅಷ್ಟು ದಿನ ಮಾತಾಡಿದ್ದರು, ನಾನು ಒಂದು ಗಂಟೆ ಮಾತಾಡಿದ್ದೆ. ಬ್ಲೌಸ್ ಹಾಕಿಕೊಂಡು ತೋರಿಸು ಅಂತ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಈಗಲೇ ಹಾಕಿಕೊಂಡು ಬಾ ಅಂದೆ. ಅಮ್ಮ ಒಳಗೆ ಹೋಗಿ ಹುಕ್ಕು ಹಾಕಿಕೊಟ್ಟರು. ನಾನು ಕಾಲಿಡುವ ಸಣ್ಣ ಸ್ಟೂಲ್ ಮೇಲೆ ನಿಂತೆ. ಕಾಗದದ ಚೂರು ಹರಿದು ಆಕೆಯ ಅಂಗೈಗೆ ಹಾಕಿ, ನನ್ನ ತಲೆ ಮೇಲೆ ಹಾಕು ಅಂದೆ. ಕೈ ನನ್ನ ಭುಜದವರೆಗೆ ಬಂತು, ಅಲ್ಲಿಗೆ ನಿಂತಿತು. ಇನ್ನೂ ಎತ್ತಲು ಹೋದಾಗ ಇಡೀ ಬ್ಲೌಸ್ ಎರಡು ಇಂಚು ಮೇಲಕ್ಕೆ ಬಂತು. ಮುಂದಿನ ಕೆಳಗಿನ ಹುಕ್ಕಿನ ದಾರ ಎಳೆದುಕೊಂಡು ಬಿಳಿ ಲೈನಿಂಗ್ ಕಂಡಿತು. ಎಡತೋಳಿನ ನವಿಲು ಎದುರಿಗೆ ಕಾಣುವ ಬದಲು ಬೆನ್ನ ಕಡೆ ತಿರುಗಿತ್ತು. ತೋಳು ಬಿಚ್ಚಿ ಮತ್ತೆ ಕೂರಿಸುವಾಗ ತಿರುಚಿಹೋಗಿದೆ. ಆಕೆ ಅಳಲಿಲ್ಲ. ಕೈ ಹಾಗೇ ಹಿಡಿದುಕೊಂಡು, ನಾವು ನೋಡುವಷ್ಟು ಹೊತ್ತು ನಿಂತಿದ್ದಳು.

ಅಮ್ಮ ಹತ್ತಿರ ಬಂದು ಹೊಟ್ಟೆಯ ಮೇಲೆ ಖಾಲಿಯಾದ ಜಾಗಕ್ಕೆ ಬೆರಳಿಟ್ಟು ನೋಡಿದರು. "ಇಷ್ಟೊಂದು ಮೇಲೆ ಬರುತ್ತೆ ಅಂತ ಹೇಳಲೇ ಇಲ್ಲವಲ್ಲೇ."

"ಹೇಳಿದೆ ಅಮ್ಮ. ಸೆರಗು ಮುಚ್ಚುತ್ತೆ ಅಂದೆ ನೀನು."

ಆಮೇಲೆ ನಾನು ಒಂದೇ ಪ್ರಶ್ನೆ ಕೇಳಿದೆ. ಈ ಬ್ಲೌಸ್ ನಾಳೆ ಸರಿ ಹೋಯಿತು ಅಂದುಕೋ, ನಾಳೆ ರಾತ್ರಿ ನಿದ್ದೆ ಬರುತ್ತಾ? "ನಾಳೆ ಯಾಕೆ, ಸರಿ ಮಾಡ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಇವತ್ತೇ ಬರುತ್ತೆ" ಅಂದಳು. ಇದೇ ಪ್ರಶ್ನೆಗೆ ಹಿಂದೊಮ್ಮೆ ಬೇರೆ ಹುಡುಗಿಯೊಬ್ಬಳು ತುಂಬ ಹೊತ್ತು ಉತ್ತರ ಕೊಡದೆ ಕೂತಿದ್ದಳು. ಆ ಅಳು ಬ್ಲೌಸಿನದ್ದಾಗಿರಲಿಲ್ಲ, ಆ ಮಾತುಕತೆ ಬೇರೆಯೇ ದಾರಿ ಹಿಡಿಯಿತು. ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕಿತ್ತು. ಬ್ಲೌಸ್ ಸರಿಯಾದರೂ ಮನಸ್ಸು ಸರಿಯಾಗುವುದಿಲ್ಲ ಅನ್ನಿಸಿದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. 2022ರಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ. ಇದಕ್ಕೆ ಕೇಂದ್ರ ನಮ್ಮ ನಿಮ್ಹಾನ್ಸ್. ಕನ್ನಡದಲ್ಲೇ ಮಾತಾಡಬಹುದು.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು: ಇವತ್ತು ರಾತ್ರಿ ಊಟ ಮಾಡು. ಉಪವಾಸ ಮಾಡಿದರೆ ಸೊಂಟ ಸ್ವಲ್ಪ ಇಳಿದೀತು, ಕಂಕುಳಲ್ಲಿ ಕತ್ತರಿಸಿದ್ದು ಕೂಡಿಕೊಳ್ಳುವುದಿಲ್ಲ. ನನ್ನ ಅತ್ತೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರು, ಹಾಗಾಗಿ ಇಷ್ಟು ಗೊತ್ತು. ಕಂಕುಳು ಬಿಗಿ ಅಂದಾಗ ಟೈಲರ್ ಅಲ್ಲೇ ಇನ್ನಷ್ಟು ಕೆಳಕ್ಕೆ ಕತ್ತರಿಸಿ ತೋಳು ಕೂರಿಸಿದ್ದರು. ಕೇಳಿದರೆ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ತೋಳಿನ ಬುಡ ಕೆಳಗೆ ಇಳಿದಷ್ಟೂ ಕೈ ಎತ್ತುವುದು ಕಷ್ಟ. ಕೈ ಜೊತೆ ಬ್ಲೌಸೂ ಎದ್ದು ಬರುತ್ತದೆ. ಅದರ ಮೇಲೆ ಮಗ್ಗಂ ವರ್ಕ್ ಮಾಡಿ ಲೈನಿಂಗ್ ಕೊಟ್ಟ ತೋಳು ಒಂದಿಷ್ಟೂ ಹಿಗ್ಗುವುದಿಲ್ಲ. ಹೊಲಿಗೆ ಬಿಚ್ಚಿದರೆ ಮತ್ತೆ ಹೊಲಿಯಬಹುದು. ಕತ್ತರಿಸಿದ ಬಟ್ಟೆ ವಾಪಸ್ ಬರುವುದಿಲ್ಲ. ಆದರೆ ಕಂಕುಳಿಗೆ ಒಂದು ತುಂಡು ಬಟ್ಟೆ ಕೊಟ್ಟು ಕೈಗೆ ಸಡಿಲ ಮಾಡಬಹುದು.

ಎರಡನೆಯದು, ಅದೇ ಟೈಲರ್ ಹತ್ತಿರ ಹೋಗು. ಆಕೆಗೆ ಇದು ಇಷ್ಟವಾಗಲಿಲ್ಲ. ಅಂಗಡಿ ಮುಂದೆ ನಿಂತು ಜಗಳ ಮಾಡಬೇಕು, ಫೋಟೋ ಹಾಕಿ ಎಲ್ಲರಿಗೂ ಹೇಳಬೇಕು ಅನ್ನುವ ಸಿಟ್ಟಿತ್ತು. ಸಿಟ್ಟು ನ್ಯಾಯವೇ. ಆದರೆ ಎಲ್ಲಿ ಕತ್ತರಿಸಿದೆ, ಒಳಗೆ ಎಷ್ಟು ಬಟ್ಟೆ ಬಿಟ್ಟಿದೆ ಅನ್ನುವುದು ಕತ್ತರಿಸಿದವರಿಗೇ ಚೆನ್ನಾಗಿ ಗೊತ್ತು. ಉಳಿದ ತುಂಡು ಬಟ್ಟೆಯೂ ಎಷ್ಟೋ ಸಲ ಅವರ ಹತ್ತಿರವೇ ಇರುತ್ತದೆ. ಒಂಬತ್ತೇ ದಿನ ಇರುವಾಗ ಆ ಬಾಗಿಲು ಮುಚ್ಚಿಕೊಳ್ಳಬಾರದು.

ಇಲ್ಲಿ ಒಂದು ಸಂಗತಿ ಹೊರಬಿತ್ತು. ಎರಡನೇ ಸಲ ಬ್ಲೌಸ್ ತರಲು ಹೋದಾಗ ಆಕೆ ಅಂಗಡಿಯಲ್ಲೇ ಹಾಕಿ ನೋಡಿದ್ದಳು. ಸರಿಯಿಲ್ಲ ಅಂತ ಗೊತ್ತಾಗಿತ್ತು. ಟೈಲರ್ ಹೇಗಿದೆ ಅಂದಾಗ "ಪರ್ವಾಗಿಲ್ಲ ಅಣ್ಣ, ಚೆನ್ನಾಗಿದೆ" ಅಂತ ಹೇಳಿ ಬಾಕಿ ಕೊಟ್ಟು ಬಂದಿದ್ದಳು. ಅಳು ಬಂದದ್ದು ಆಟೋದಲ್ಲಿ. ನನ್ನ ಹತ್ತಿರ ಬರುವ ಇಂಥ ಹುಡುಗಿಯರಲ್ಲಿ ಬಹಳ ಜನ ಕನ್ನಡಿ ಮುಂದೆ ಇದೇ ಮಾತು ಹೇಳಿ ಬಂದಿರುತ್ತಾರೆ. ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ, ಟೈಲರ್ ಪಾಪ ರಾತ್ರಿಯೆಲ್ಲ ಹೊಲಿದಿರುತ್ತಾರೆ, ಬೇಜಾರು ಮಾಡುವುದು ಬೇಡ ಅನ್ನಿಸುತ್ತದೆ. ಚೆನ್ನಾಗಿಲ್ಲ ಅನ್ನುವುದನ್ನು ನಾವು ನಮ್ಮ ಹುಡುಗಿಯರಿಗೆ ಕಲಿಸಿಯೇ ಇಲ್ಲ.

ಅದಕ್ಕೇ ಅಲ್ಲೇ ಕೂತು ಮಾತು ಅಭ್ಯಾಸ ಮಾಡಿದೆವು. ನಾನು ಟೈಲರ್ ಆದೆ. ಮೊದಲ ಸಲ "ಹಾಳು ಮಾಡಿಬಿಟ್ರಿ" ಅಂದಳು, ದನಿ ಒಡೆಯಿತು. ಏನಾಗಿದೆ ಅನ್ನುವುದನ್ನಷ್ಟೇ ಹೇಳು ಅಂದೆ. ನಾಲ್ಕನೇ ಸಲಕ್ಕೆ ಬಂತು: "ಅಣ್ಣ, ಕೈ ಎತ್ತಿದ್ರೆ ಬ್ಲೌಸ್ ಎರಡು ಇಂಚು ಮೇಲೆ ಬರ್ತಿದೆ. ಎಡಗೈ ನವಿಲು ಹಿಂದಕ್ಕೆ ತಿರುಗಿದೆ. ಯಾವುದು ಸರಿ ಮಾಡಕ್ಕೆ ಆಗುತ್ತೆ, ಯಾವುದು ಆಗಲ್ಲ ಅಂತ ಈಗಲೇ ಹೇಳಿ." ಕೊನೆಯ ವಾಕ್ಯ ಆಕೆಯದೇ. ನನಗೆ ಹೊಳೆದಿರಲಿಲ್ಲ.

ಒಂದು ದಿನ ಗೊತ್ತು ಮಾಡಿದೆವು. ಗುರುವಾರದೊಳಗೆ ಕೈ ಏಳದಿದ್ದರೆ ಈ ಬ್ಲೌಸ್ ಬಿಟ್ಟು ಕುಂಕುಮ ಬಣ್ಣದ ಸಾದಾ ರೇಷ್ಮೆ ಬ್ಲೌಸ್. ಅದಕ್ಕೆ ಬಟ್ಟೆ ತರುವ ಕೆಲಸ ಅಮ್ಮನದು. ಅಂಗಡಿಗೆ ಜೊತೆಯಲ್ಲಿ ಹೋಗಿ, ಆದರೆ "ಇರಲಿ ಬಿಡಿ" ಅನ್ನಬೇಡಿ ಅಂತಲೂ ಅಮ್ಮನಿಗೆ ಹೇಳಿದೆ. ಅವರು ತಲೆಯಾಡಿಸಿದರು.

ದುಡ್ಡಿನ ಜಗಳ ಮದುವೆ ಆದ ಮೇಲೆ ಇಟ್ಟುಕೋ ಅಂದೆ. ಹೆದರಿಸಿ ಬಾಯಿ ಮುಚ್ಚಿಸಲು ಹೇಳಿದ್ದಲ್ಲ, ಸಮಯ ಇದೆ ಅಂತ ಹೇಳಿದ್ದು. ದುಡ್ಡು ಕೊಟ್ಟು ಹೊಲಿಸಿದ್ದೂ ಸೇವೆಯೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು ಎರಡು ವರ್ಷ ಅವಕಾಶ ಇದೆ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ. ಮೊದಲು ಸಹಾಯವಾಣಿ 1915ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ಆದರೆ ಬಿಲ್, ವಾಟ್ಸಾಪ್ ಮೆಸೇಜು, ಬ್ಲೌಸ್ ಹಾಕಿಕೊಂಡ ಫೋಟೋ ಬೇಕು. ಮತ್ತೆ ಹೊಲಿಗೆ ಬಿಚ್ಚಿದ ಮೇಲೆ ಈಗಿನ ಸ್ಥಿತಿಗೆ ಸಾಕ್ಷಿ ಇರುವುದಿಲ್ಲ. ಹಾಗಾಗಿ ಕೈ ಎತ್ತಿದ ಫೋಟೋ ಅಲ್ಲೇ, ನನ್ನ ಕೋಣೆಯಲ್ಲೇ ತೆಗೆದೆವು.

ಇದನ್ನೆಲ್ಲ ಕೇಳಿದ ನನ್ನ ಸಹೋದ್ಯೋಗಿಯೊಬ್ಬರು, ಇದು ಆಪ್ತಸಲಹೆ ಅಲ್ಲ, ಟೈಲರಿಂಗ್ ಅಂದರು. ನಾನು ಒಪ್ಪುವುದಿಲ್ಲ. ನಿದ್ದೆ ಊಟ ಬಿಟ್ಟ ಹುಡುಗಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಬಹುದಿತ್ತು. ಕೈ ಆಗಲೂ ಏಳುತ್ತಿರಲಿಲ್ಲ. ಆಕೆಯ ದುಃಖಕ್ಕೆ ಅಳತೆ ಇತ್ತು, ಎರಡು ಇಂಚು. ಆ ಎರಡು ಇಂಚನ್ನು ನೋಡದೆ ಆಕೆಯ ಮನಸ್ಸಿನ ಬಗ್ಗೆ ಮಾತಾಡುವ ಹಕ್ಕು ನನಗೆ ಇರಲಿಲ್ಲ ಅಂತಲೇ ಈಗಲೂ ನನ್ನ ನಂಬಿಕೆ.

ಮಗಳ ಮದುವೆ ಇಟ್ಟುಕೊಂಡವರು ಓದುತ್ತಿದ್ದರೆ ಎರಡು ಮಾತು. ಬ್ಲೌಸ್ ತರುವಾಗ ಸುಮ್ನೆ ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡಬೇಡಿ. ಕೈ ಎತ್ತಿ, ಬಗ್ಗಿ, ಕೆಳಗೆ ಕೂತು ಏಳಿ. ಒಳಗೆ ಬಟ್ಟೆ ಎಷ್ಟು ಬಿಟ್ಟಿದ್ದಾರೆ ನೋಡಿ, ಉಳಿದ ತುಂಡು ಕೇಳಿ ತಗೊಳ್ಳಿ. ಅಜ್ಜಿ ಒಪ್ಪಿದರೆ ಸೀರೆಯನ್ನು ಆಷಾಢಕ್ಕೆ ಮೊದಲೇ ತನ್ನಿ.

ಟೈಲರ್ ಆಕೆಯ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಂಕುಳು ಆಗುತ್ತೆ, ನವಿಲು ಆಗಲ್ಲ ಅಂದರಂತೆ. ತೋಳು ಮತ್ತೆ ಬಿಚ್ಚಿದರೆ ಕಸೂತಿಯ ದಾರ ಬಿಟ್ಟುಕೊಳ್ಳುತ್ತದೆ. ಉಳಿದಿದ್ದ ಬಟ್ಟೆ ಒಂದು ಕಂಕುಳಿಗಷ್ಟೇ ಸಾಕಾಯಿತು, ಇನ್ನೊಂದಕ್ಕೆ ಹತ್ತಿರದ ಬಣ್ಣದ ಬೇರೆ ರೇಷ್ಮೆ. ಬುಧವಾರವೇ ಕೈಗೆ ಬಂತು. ಸಾದಾ ಬ್ಲೌಸಿನ ಬಟ್ಟೆಯನ್ನು ಅಮ್ಮ ಹಾಗೇ ಬೀರುವಿನಲ್ಲಿ ಇಟ್ಟರು.

ಮದುವೆಯಾಗಿ ವಾರಕ್ಕೆ ಫೋಟೋ ಬಂತು. ಅಂತರಪಟ ಆಗಷ್ಟೇ ಸರಿದಿದೆ. ಕೈ ಅವನ ತಲೆಗಿಂತ ಮೇಲಿದೆ, ಜೀರಿಗೆ ಕೆಳಗೆ ಬೀಳುತ್ತಿದೆ. ಕಂಕುಳಲ್ಲಿ ಬೇರೆ ಬಣ್ಣದ ತುಂಡು ಕಾಣುತ್ತದೆ. ಕೆಳಗೆ ಬರೆದಿದ್ದಳು: "ಎಡಗೈ ನವಿಲು ಹಿಂದಕ್ಕೇ ಇದೆ ಮೇಡಂ. ಇನ್ನೂ ಬೇಜಾರಿದೆ."

ದೊಡ್ಡದು ಮಾಡಿ ನೋಡಿದೆ. "ಹೌದಮ್ಮ, ಕಾಣ್ತಿದೆ" ಅಂತ ಬರೆದೆ.