ತುಪ್ಪ ಕರಗುತ್ತದೆ, ಮೊಟ್ಟೆ ಯಾಕೆ ಗಟ್ಟಿಯಾಗುತ್ತದೆ?

ಪ್ರಶ್ನೆ: ಬಿಸಿ ಮಾಡಿದರೆ ತುಪ್ಪ ಕರಗುತ್ತದೆ, ಮೊಟ್ಟೆ ಗಟ್ಟಿಯಾಗುತ್ತದೆ. ಎರಡೂ ಜೀವಿಗಳಿಂದಲೇ ಬಂದದ್ದು ಅಲ್ವಾ? ತುಪ್ಪ ಆರಿದರೆ ಮತ್ತೆ ಹೆಪ್ಪುಗಟ್ಟುತ್ತದೆ, ಬೆಂದ ಮೊಟ್ಟೆ ಮಾತ್ರ ಹಸಿಯಾಗುವುದಿಲ್ಲ. ಜ್ವರ ಬಂದಾಗ ನಮ್ಮ ಮೈಯೊಳಗೂ ಹೀಗೇ ಆಗುತ್ತದಾ?
– ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ತುಪ್ಪದ ವಿಷಯ ಸುಲಭ, ಅದನ್ನು ಮೊದಲು ಮುಗಿಸೋಣ. ತುಪ್ಪ ಹೆಚ್ಚುಕಡಿಮೆ ಪೂರ್ತಿ ಕೊಬ್ಬು. ಒಂದು ಗ್ಲಿಸರಾಲ್, ಅದಕ್ಕೆ ಸೇರಿಕೊಂಡ 3 ಕೊಬ್ಬಿನಾಮ್ಲ, ಇಷ್ಟೇ ಒಂದು ಅಣು. ತಣ್ಣಗಿದ್ದಾಗ ಈ ಅಣುಗಳು ಒತ್ತೊತ್ತಾಗಿ ಕೂತಿರುತ್ತವೆ, ಕಾದರೆ ಸಡಿಲವಾಗಿ ಜಾರಾಡುತ್ತವೆ. ಅಣು ಬದಲಾಗುವುದಿಲ್ಲ, ಅದಕ್ಕೇ ಆರಿದರೆ ಮತ್ತೆ ಗಟ್ಟಿ.

ಮೊಟ್ಟೆಯ ಬಿಳಿಭಾಗದಲ್ಲಿ ಸುಮಾರು ಶೇ. 90ರಷ್ಟು ನೀರು, ಉಳಿದದ್ದು ಬಹುಪಾಲು ಪ್ರೋಟೀನ್. ಅದರಲ್ಲಿ ಜಾಸ್ತಿ ಇರುವುದು ಓವಾಲ್ಬುಮಿನ್. 385 ಅಮೈನೋ ಆಮ್ಲಗಳು ಒಂದರ ಹಿಂದೊಂದು ಸೇರಿಕೊಂಡ ಉದ್ದನೆಯ ಸರಪಳಿ ಅದು, ಆದರೆ ಉದ್ದಕ್ಕೆ ಚಾಚಿಕೊಂಡಿರುವುದಿಲ್ಲ, ನೂಲಿನ ಉಂಡೆಯ ಹಾಗೆ ಮಡಚಿಕೊಂಡಿರುತ್ತದೆ. ಈ ಮಡಿಕೆಗೂ ಒಂದು ಕ್ರಮ ಇದೆ. ನೀರಿಗೆ ಒಗ್ಗದ ಭಾಗಗಳು ಬಹುತೇಕ ಒಳಗೆ, ಒಗ್ಗುವ ಭಾಗಗಳು ಹೊರಗೆ. ಹಾಗಾಗಿ ಒಂದಕ್ಕೊಂದು ಅಂಟದೆ ನೀರಿನಲ್ಲಿ ಬಿಡಿಬಿಡಿಯಾಗಿರುತ್ತವೆ, ಹಸಿ ಲೋಳೆ ತಿಳಿಯಾಗಿ ಕಾಣುತ್ತದೆ.

ಬುಲ್ಸ್ ಐ ಹಾಕುವಾಗ ತೆಳ್ಳಗಿರುವ ಅಂಚು ಮೊದಲು ಬೆಳ್ಳಗಾಗುತ್ತದಲ್ಲ, ಅಲ್ಲಿ ಗಮನಿಸಿ. 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಕೆಲವು ಪ್ರೋಟೀನುಗಳ ಮಡಿಕೆ ಬಿಚ್ಚಲು ಶುರು, ಓವಾಲ್ಬುಮಿನ್ ಸುಮಾರು 80ರವರೆಗೂ ತಡೆಯುತ್ತದೆ. ಬಿಚ್ಚಿದ ಮೇಲೆ ಒಳಗೆ ಅಡಗಿದ್ದ ಭಾಗಗಳು ಹೊರಬಂದು ಪಕ್ಕದ ಸರಪಳಿಗೆ ಅಂಟಿ ಬಲೆಯಾಗುತ್ತದೆ, ನೀರಿನ ಬಹುಪಾಲು ಅದರೊಳಗೇ ಸಿಕ್ಕಿಕೊಳ್ಳುತ್ತದೆ.

ಬಿಚ್ಚಿದ ಪ್ರೋಟೀನ್ ಮತ್ತೆ ಮಡಚಿಕೊಳ್ಳುವುದೇ ಇಲ್ಲ ಅಂತಲ್ಲ. ಅಮೆರಿಕದ ಕ್ರಿಶ್ಚಿಯನ್ ಆನ್ಫಿನ್ಸನ್ ರೈಬೊನ್ಯೂಕ್ಲಿಯೇಸ್ ಎಂಬ 124 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನನ್ನು ಯೂರಿಯಾ ಮುಂತಾದವುಗಳಿಂದ ಬಿಚ್ಚಿದರು. ಅವನ್ನು ತೆಗೆದಾಗ ಅದು ತಾನಾಗೇ ಹಳೇ ಆಕಾರಕ್ಕೆ ಬಂತು, ಕೆಲಸವನ್ನೂ ಶುರುಮಾಡಿತು! 1972ರಲ್ಲಿ ಅವರಿಗೆ ನೊಬೆಲ್ ಬಂತು. ಹೇಗೆ ಮಡಚಿಕೊಳ್ಳಬೇಕು ಅನ್ನುವುದು ಸರಪಳಿಯ ಜೋಡಣೆಯಲ್ಲೇ ಇದೆ, ಜೀವವಿಜ್ಞಾನದಲ್ಲಿ ಇದಕ್ಕಿಂತ ಚೆಂದದ ಸಂಗತಿ ನನಗಂತೂ ಗೊತ್ತಿಲ್ಲ. ಮೊಟ್ಟೆಯಲ್ಲಿ ಪ್ರೋಟೀನುಗಳ ದಟ್ಟಣೆ ಜಾಸ್ತಿ, ಮಡಚಿಕೊಳ್ಳುವ ಮುಂಚೆಯೇ ಪಕ್ಕದವು ಹಿಡಿದುಬಿಡುತ್ತವೆ.

ಇನ್ನು ಜ್ವರ. 39 ಡಿಗ್ರಿಗೆ ನಮ್ಮ ಪ್ರೋಟೀನುಗಳು ಮೊಟ್ಟೆಯಂತೆ ಬೇಯುವುದಿಲ್ಲ, ಹೆದರಬೇಡಿ. ಆದರೆ ಕೆಲವು ನಾಜೂಕಿನವು ಸಡಿಲವಾಗಬಹುದು. ಬಿಸಿ ಏರಿದಾಗ ಜೀವಕೋಶ ಹೀಟ್ ಶಾಕ್ ಪ್ರೋಟೀನುಗಳನ್ನು ಜಾಸ್ತಿ ತಯಾರಿಸುತ್ತದೆ, ಬಿಚ್ಚುತ್ತಿರುವ ಸರಪಳಿಗಳನ್ನು ಇವು ಹಿಡಿದುಕೊಂಡು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತವೆ. ಬಿಸಿಗೆ ಜೀವಕೋಶ ಹೀಗೆ ಸ್ಪಂದಿಸುವುದರ ಮೊದಲ ಸುಳಿವು ಇಟಲಿಯ ಫೆರುಚಿಯೊ ರಿಟೊಸ್ಸಾ ಅವರಿಗೆ ಹಣ್ಣುನೊಣಗಳಲ್ಲಿ ಸಿಕ್ಕಿತು, 1962ರಲ್ಲಿ ಪ್ರಕಟಿಸಿದರು. ಈ ಕಾವಲಿಗೂ ಒಂದು ಮಿತಿ ಇದೆ, ಜ್ವರ 40 ದಾಟಿದರೆ ಸುಮ್ನೆ ಕೂರದೆ ಡಾಕ್ಟರ ಹತ್ತಿರ ಹೋಗಿ.